ಅವರವರ ಹಲಗೆ

ಹೋದ ತಿಂಗಳು ನಾಗರಬಾವಿಯಲ್ಲಿ, ಕಾಲೇಜು ಹುಡುಗರು ಬಂದು ಕೂರುವಂಥ ಒಂದು ಹೊಸ ಕಾಫಿ ಅಂಗಡಿಗೆ ನನ್ನನ್ನು ಕರೆಸಿದ್ದರು. ಒಂದಿಡೀ ಗೋಡೆಗೆ ಕಪ್ಪು ಬಳಿದು, ಅದರ ಮೇಲೆ ಸೀಮೆಸುಣ್ಣದಲ್ಲಿ ತಿಂಡಿಗಳ ಹೆಸರು ಬರೆಯಬೇಕಂತೆ. ಈಗ ಅದೇ ಫ್ಯಾಷನ್. ಬ್ಲ್ಯಾಕ್‌ಬೋರ್ಡ್ ಪೇಂಟಿನ ಡಬ್ಬಿಯ ಮುಚ್ಚಳ ಎಬ್ಬಿಸಿದೆ, ನೋಡಿ... ಎಣ್ಣೆ, ಮಸಿ, ಟರ್ಪೆಂಟೈನು ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ಕೈ ನಿಂತುಬಿಟ್ಟಿತು. ಮಗಳ ಮಿಸ್ ನೆನಪಾದರು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿನ್ನಿಪೇಟೆಯಲ್ಲಿ ಒಬ್ಬರ ಹತ್ತಿರ ಬ್ರಷ್ ತೊಳೆಯುವುದರಿಂದ ಶುರು ಮಾಡಿ, ವಿಜಯನಗರದಲ್ಲಿ ಸ್ವಂತ ಅಂಗಡಿ ಇಡುವ ತನಕ ಬಂದೆ. ಬೋರ್ಡ್ ಬರೆಯುವವನನ್ನು ನಮ್ಮ ಕಡೆ ಆರ್ಟಿಸ್ಟ್ ಅಂತಲೇ ಕರೆಯುವುದು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಆ ದಿನಗಳಲ್ಲಿ ನಮ್ಮ ರಸ್ತೆಯ ಮುಕ್ಕಾಲು ಅಂಗಡಿಗಳ ಹೆಸರು ನನ್ನ ಕೈಯದೇ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಬೋರ್ಡಿಗೆ ಏರಿಸುವುದು ನನ್ನ ಕೆಲಸ. ನನ್ನದೇ ಅನ್ನುವ ಒಂದು ಸಾಲನ್ನು ಬರೆಯುವ ಪ್ರಮೇಯ ಬಂದಿರಲಿಲ್ಲ. ಬರಲಿ ಅಂತ ನಾನೂ ಬಯಸಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು... ಫ್ಲೆಕ್ಸ್ ಬಂತು. ನಾನು ಎರಡು ದಿನ ಕೂತು ಬರೆಯುವ ಬೋರ್ಡನ್ನು ಮಿಷನ್ನು ಟೀ ಕುಡಿದು ಬರುವಷ್ಟರಲ್ಲಿ ಉಗುಳುತ್ತಿತ್ತು. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ ಬ್ರಷ್‌ಗಳನ್ನು ಹರಡಿಕೊಂಡು ಕೂರುತ್ತಿದ್ದೆ, ಸಂಜೆ ಎಳೆಯುತ್ತಿದ್ದೆ. ಬೇರೆ ಕೆಲಸ ಗೊತ್ತಿಲ್ಲ, ಕೂಲಿಗೆ ಹೋಗಲು ಮನಸ್ಸು ಒಪ್ಪದು. ಮನೆಯಲ್ಲಿ ಮಾತ್ರ "ಕೈ ತುಂಬಾ ಕೆಲಸ" ಅನ್ನುತ್ತಿದ್ದೆ. ಒಮ್ಮೆ ಹಾಗಂದ ಮೇಲೆ ಮರುದಿನವೂ ಹಾಗೇ ಅನ್ನಬೇಕಾಗುತ್ತಿತ್ತು.

ಮಗಳು ಆಗ ಸರ್ಕಾರಿ ಕನ್ನಡ ಶಾಲೆಯಲ್ಲಿ ಎರಡನೇ ಕ್ಲಾಸು. ಅವಳ ಅಕ್ಷರ ತಿದ್ದಿದವನು ನಾನೇ. ಸ್ಲೇಟಿನ ಮೇಲೆ ಮೇಲೊಂದು ಗೆರೆ, ಕೆಳಗೊಂದು ಗೆರೆ. ಒಂದು ಅಕ್ಷರ ಆಚೆ ಉಬ್ಬಿದರೆ ಒದ್ದೆ ಬಟ್ಟೆಯಲ್ಲಿ ಇಡೀ ಸ್ಲೇಟು ಒರೆಸಿ, "ಇನ್ನೊಂದ್ಸಲ" ಅನ್ನುತ್ತಿದ್ದೆ. ಒಂದು ದಿನ ಅವಳ ಮಿಸ್ ಹೇಳಿಕಳಿಸಿದರು. ಹೊಗಳುತ್ತಾರೆ ಅಂತ ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ.

"ನಿಮ್ಮ ಮಗಳು ಬರೆಯಲ್ಲ ರೀ," ಅಂದರು.

"ಏನ್ ಮಿಸ್ ಹಿಂಗಂತೀರ? ಅವಳ ಅಕ್ಷರ ನೋಡಿದೀರಾ?"

"ನೋಡಿದೀನಿ. ಬೋರ್ಡ್ ಮೇಲೆ ನಾನು ಬರ್ದಿದ್ದನ್ನ ನನಗಿಂತ ಚೆನ್ನಾಗಿ ಬರೀತಾಳೆ. ನಿಂದೇ ಏನಾದ್ರೂ ಬರಿಯೇ ಅಂದ್ರೆ ಕಲ್ಲು. ಶುರುವಿಂದ ಹಿಂಗೇ ಕೂತಿದಾಳೆ."

ನನಗೆ ಸಿಟ್ಟು ಬಂತು. ಕಾನ್ವೆಂಟಿಗೆ ಹಾಕುತ್ತೇನೆ ಬಿಡಿ ಅಂದೆ.

"ಹಾಕಿ, ಬೇಡ ಅನ್ನಲ್ಲ. ಅಲ್ಲೂ ಹಿಂಗೇ ಕೂತಿರ್ತಾಳೆ, ಟೈ ಕಟ್ಕೊಂಡು."

ನಾನು ಎದ್ದುಬಿಟ್ಟಿದ್ದೆ. ಅವರು ಅದನ್ನು ಗಮನಿಸದವರ ಹಾಗೆ ಗೋಡೆ ತೋರಿಸಿ ಬೇರೆ ಮಾತು ತೆಗೆದರು. ಕೋಣೆಯ ಸುತ್ತ, ನೆಲದಿಂದ ಮಕ್ಕಳ ಎದೆಯೆತ್ತರದವರೆಗೆ ಗೋಡೆಗೆ ಕಪ್ಪು ಬಳಿಯಬೇಕು, ಮಗುವಿಗೊಂದು ಚೌಕದ ಮನೆ ಬರುವ ಹಾಗೆ ಗೆರೆ ಹಾಕಬೇಕು, ಪ್ರತಿ ಮನೆಯ ಮೇಲೆ ಆ ಮಗುವಿನ ಹೆಸರು ಬರೆಯಬೇಕು. ಕೆಲಸವಿಲ್ಲದೆ ಕೂತಿದ್ದವನು ನಾನು, ಬಿಡುವು ಮಾಡಿಕೊಂಡು ಬರುತ್ತೇನೆ ಅಂತ ಬಿಗುಮಾನದಿಂದಲೇ ಒಪ್ಪಿಕೊಂಡೆ.

ರಜೆಯಲ್ಲಿ ಬಳಿದು, ಗೆರೆ ಎಳೆದು ಮುಗಿಸಿದೆ. ಹೆಸರು ಮಾತ್ರ ಮಕ್ಕಳು ಇರುವಾಗಲೇ ಬರೆಯಬೇಕು ಅಂತ ಅವರ ಹಟ. ರಜೆ ಮುಗಿದ ಬೆಳಿಗ್ಗೆ ಹಳದಿ ಬಣ್ಣ, ಸಣ್ಣ ಬ್ರಷ್ಷು ಹಿಡಿದು ಬಾಗಿಲ ಪಕ್ಕದಿಂದ ಶುರು ಮಾಡಿದೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಹೆಸರು ಮುಗಿಸಿ ಪಕ್ಕದ ಮನೆಗೆ ಜರುಗುತ್ತಿದ್ದೆ. ನನ್ನ ಮೊಣಕೈ ಕೆಳಗೆ ಮಕ್ಕಳು ಆಗಲೇ ಸೀಮೆಸುಣ್ಣ ಹಿಡಿದು ಗೋಡೆಗೆ ಮುಖ ಮಾಡಿ ಕೂತಿದ್ದವು. ನಿನ್ನೆ ಸಂಜೆಯಿಂದ ಇವತ್ತು ಬೆಳಗಿನ ತನಕ ಏನು ಕಂಡಿರೋ ಅದನ್ನು ಬರೆಯಿರಿ, ಮಿಸ್ ಹೇಳಿದ್ದು ಅಷ್ಟೇ.

ಅಕ್ಷರಗಳೋ, ದೇವರೇ! ಒಂದು ಮೇಲೆ ಹತ್ತುತ್ತಿತ್ತು, ಇನ್ನೊಂದು ಜಾರುತ್ತಿತ್ತು, ಕೊಂಬು ಎಲ್ಲೋ ದೀರ್ಘ ಎಲ್ಲೋ. ನನ್ನ ಕೈ ತುರಿಸುತ್ತಿತ್ತು. ಮಿಸ್ ಮಾತ್ರ ಸೀರೆ ಸೆರಗು ಸಿಕ್ಕಿಸಿಕೊಂಡು ಒಂದೊಂದು ಮಗುವಿನ ಪಕ್ಕ ನೆಲದ ಮೇಲೇ ಕೂತು, ಬರೆದಿದ್ದನ್ನು ರೇಡಿಯೋ ವಾರ್ತೆಯ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. "ಕರೆಂಟು ಹೋಯಿತು. ಅಪ್ಪ ಬೈದರು. ಕರೆಂಟು ಬಂತು." ಒಬ್ಬ ಹುಡುಗನ ಸಾಲು ಇದು, ಇಡೀ ಕ್ಲಾಸು ನಕ್ಕಿತು. ಮಲ್ಲತ್ತಹಳ್ಳಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ರಾಯಚೂರು ಕಡೆಯವರ ಹುಡುಗನೊಬ್ಬ, "ನಮ್ಮವ್ವ ರೊಟ್ಟಿ ಬಡಿಯೂ ಸಪ್ಪಳಕ್ಕ ಎಚ್ಚರಾತು" ಅಂತ ಬರೆದಿದ್ದ. ಮಿಸ್ ಅದನ್ನು ತಿದ್ದಲಿಲ್ಲ, ಅವನ ರಾಗದಲ್ಲೇ ಓದಿದರು. ಅವನು ತಲೆಯೆತ್ತಿ ಸುತ್ತಲೂ ಒಮ್ಮೆ ನೋಡಿ, ಮತ್ತೆ ಬಗ್ಗಿ ಇನ್ನೊಂದು ಸಾಲು ಬರೆಯತೊಡಗಿದ. ಅಲ್ಲಿ ಇದ್ದದ್ದು ಒಂದೇ ಕಾನೂನು. ಅವರವರ ಹಲಗೆಯನ್ನು ಅವರವರೇ ಒರೆಸಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ, ಮಿಸ್ ಕೂಡ.

ಜರುಗುತ್ತಾ ಜರುಗುತ್ತಾ ನನಗೆ ಕಾಣುತ್ತಿತ್ತು, ಮೂಲೆಯಲ್ಲಿ ನನ್ನ ಮಗಳ ಮನೆ ಹತ್ತಿರವಾಗುತ್ತಿದೆ. ಅವಳು ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಹಿಡಿದು, ಬರಿಗೋಡೆಯನ್ನೇ ನೋಡುತ್ತಾ ಕೂತಿದ್ದಳು. ಅವಳ ಹೆಸರನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆದೆ. ಅವಳು ತಿರುಗಿ ನೋಡಲಿಲ್ಲ. ಅವಳ ಪಕ್ಕದ ಮನೆ ಖಾಲಿ, ಅದರ ಹುಡುಗಿ ಊರಿಗೆ ಹೋದವಳು ವಾಪಸ್ಸು ಬಂದಿರಲಿಲ್ಲವಂತೆ.

"ಆರ್ಟಿಸ್ಟ್ರೇ, ಅದರಲ್ಲಿ ನೀವೊಂದು ಬರೀರಿ," ಅಂದರು ಮಿಸ್.

ಅದಕ್ಕೇನು ಅಂತ ಸೀಮೆಸುಣ್ಣ ತೆಗೆದುಕೊಂಡೆ. ವಿದ್ಯೆಯ ಮಹಿಮೆಯ ಬಗ್ಗೆ ಒಂದು ಸಾಲು, ಗುಂಡಗೆ, ನೆರಳು ಕೊಟ್ಟು ಬರೆದೆ. ಕರೆಂಟಿನ ಹುಡುಗ ಬಗ್ಗಿ ನೋಡಿದ.

"ಅಯ್ಯ, ಇದು ಗೇಟ್ ಮೇಲಿರೋದು ಅಂಕಲ್! ನಿಮ್ದು ಬರೀರಿ."

"ಹೂಂ ಅಂಕಲ್, ಕಾಪಿ ಹೊಡೀಬಾರ್ದು!" ಅಂತ ಇನ್ನೊಬ್ಬಳು.

ನಗು. ಎಲ್ಲ ಕಣ್ಣುಗಳೂ ನನ್ನ ಕಡೆ. ಮೂಲೆಯಲ್ಲಿ ಕೂತಿದ್ದೇನೆ, ಎರಡು ಬದಿಗೆ ಗೋಡೆ, ಹಿಂದೆ ಮಕ್ಕಳು. ಒರೆಸಿದೆ. ನಿನ್ನೆ ಸಂಜೆಯಿಂದ ಇವತ್ತು ಬೆಳಗಿನ ತನಕ... ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನಿನ್ನೆ ಸಂಜೆ ನಮ್ಮ ರಸ್ತೆಯ ಬೇಕರಿಯವರು ನಾನು ಬರೆದ ಬೋರ್ಡನ್ನು ಇಳಿಸಿ ಫ್ಲೆಕ್ಸ್ ಏರಿಸಿದ್ದರು. ಮನೆಗೆ ಹೋಗಿ, "ಬೇಕರಿಯವರು ಹೊಸ ಬೋರ್ಡ್ ಮಾಡಿಸ್ತಿದಾರೆ" ಅಂತ ನಗುನಗುತ್ತಾ ಹೇಳಿದ್ದೆ. ಬೇರೆ ಏನಾದರೂ ಬರೆಯೋಣವೆಂದರೆ ಒಂದೂ ಹೊಳೆಯದು. ಸೀಮೆಸುಣ್ಣ ಬೆವರಿಗೆ ಜಿಗುಟಾಯಿತು. ದಿನವೂ ನನ್ನ ಮಗಳು ಕೂರುತ್ತಿದ್ದದ್ದು ಹೀಗೇ.

ಬರೆದೆ. "ನಿನ್ನೆ ಬೇಕರಿಯವರು ನನ್ನ ಬೋರ್ಡು ತೆಗೆದುಹಾಕಿದರು." ಸಾಲು ಇಳಿಜಾರಾಗಿ ಹೋಯಿತು. ನನ್ನ ಕೈಯಿಂದ ಅಷ್ಟು ಕೆಟ್ಟ ಅಕ್ಷರ ಬಂದಿದ್ದು ಅದೇ ಮೊದಲು.

ಮಿಸ್ ನೆಲದ ಮೇಲೆ ಕೂತು, ರೊಟ್ಟಿಯ ಸಾಲನ್ನು ಓದಿದಷ್ಟೇ ಗಟ್ಟಿಯಾಗಿ ಅದನ್ನೂ ಓದಿದರು.

"ಯಾಕಂತೆ ಅಂಕಲ್?"

"ಫ್ಲೆಕ್ಸ್ ಹಾಕಿದ್ರು."

"ಬೈದ್ರಾ ನೀವು?"

"ಇಲ್ಲ."

"ಬೈಬೇಕಿತ್ತು," ಅಂದ ಕರೆಂಟಿನ ಹುಡುಗ.

ಆಗ ಪಕ್ಕದಲ್ಲಿ ಸೀಮೆಸುಣ್ಣ ಗೋಡೆಗೆ ಉಜ್ಜುವ ಸದ್ದು ಕೇಳಿಸಿತು. ಮಗಳು ಬರೆಯುತ್ತಿದ್ದಳು. ಗೆರೆ ಗಿರೆ ಏನೂ ಇಲ್ಲ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬರೆಯುತ್ತಿದ್ದಳು. "ಅಪ್ಪ ರಾತ್ರಿ ಮಲಗಲ್ಲ. ಎದ್ದು ಕೂತಿರ್ತಾರೆ. ನಾನು ಮಲಗಿದೀನಿ ಅನ್ಕೊಂಡಿದಾರೆ."

ನನ್ನ ಮನೆಯ ಮಾತು, ಅಷ್ಟು ಮಕ್ಕಳ ಎದುರು, ನಾನೇ ಬಳಿದ ಗೋಡೆಯ ಮೇಲೆ. ಬ್ರಷ್ ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಕೈ ಮುಂದೆ ಹೋಯಿತು.

"ಅದು ಅವಳ ಹಲಗೆ ರೀ," ಅಂದರು ಮಿಸ್, ಮೆಲ್ಲಗೆ. ಕೈ ಹಿಡಿಯಲಿಲ್ಲ, ಗದರಲಿಲ್ಲ. ಕೈ ಅಲ್ಲೇ ನಿಂತಿತು. ಅವರು ಮಗಳ ಕಡೆ ತಿರುಗಿ, "ಓದ್ಲಾ ಕಂದಾ?" ಅಂದರು. ಅವಳು ಬೇಡ ಅಂತ ತಲೆಯಾಡಿಸಿದಳು. "ಸರಿ, ಬೇಡ," ಅಂತ ಹೇಳಿ ಪಕ್ಕದ ಮಗುವಿನ ಹತ್ತಿರ ಜರುಗಿದರು. ಒರೆಸಲಾ ಅಂತ ಅವಳು ನನ್ನನ್ನು ಕೇಳಲೂ ಇಲ್ಲ, ಒರೆಸಲೂ ಇಲ್ಲ. ಉಳಿದ ಗೋಡೆಯ ಹೆಸರುಗಳನ್ನು ಬರೆದು ಮುಗಿಸುವ ತನಕ ಆ ಮೂರು ಸಾಲು ನನ್ನ ಬೆನ್ನ ಹಿಂದೆ ಇದ್ದವು.

ಆಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮರುವರ್ಷ ಅಂಗಡಿಯ ಷಟರ್ ಎಳೆದೆ. ಕಂಟ್ರಾಕ್ಟರ್ ಒಬ್ಬರ ಕೈ ಕೆಳಗೆ ಕೆಂಗೇರಿ ಕಡೆಯ ಹೊಸ ಮನೆಗಳಿಗೆ ಸುಣ್ಣ ಬಣ್ಣ ಹೊಡೆದೆ, ವರ್ಷಗಟ್ಟಲೆ. ಮನೆಯಲ್ಲಿ ಮಾತ್ರ ನಗುವ ನಾಟಕ ಬೇಕಾಗಲಿಲ್ಲ. ಮಗಳು ಅದೇ ಶಾಲೆಯಲ್ಲಿ ಉಳಿದಳು, ಗೋಡೆ ತುಂಬಾ ಬರೆದಳು. ಅಕ್ಷರ ಮಾತ್ರ ಕೆಟ್ಟಿತು, ಇವತ್ತಿಗೂ ಕೆಟ್ಟದಾಗೇ ಇದೆ. ಅದು ನನಗೆ ಈಗಲೂ ಬೇಸರವೇ. ಅಕ್ಷರ ನೆಟ್ಟಗಿರಬೇಕು ಅನ್ನುವವನೇ ನಾನು, ಮಿಸ್ ಹತ್ತಿರವೂ ಅದನ್ನು ಹೇಳಿದ್ದೆ. "ನೀವು ನೆಟ್ಟಗೆ ಬರೀರಿ, ಅವಳು ಬರೀಲಿ," ಅಂದಿದ್ದರು.

ಕಾಫಿ ಅಂಗಡಿಯ ಕೆಲಸ ಅರ್ಧಕ್ಕೆ ಬಿಟ್ಟು ಅವತ್ತು ಆ ಶಾಲೆಗೆ ಹೋದೆ. ಗೋಡೆಯ ಕೆಳಭಾಗಕ್ಕೆಲ್ಲ ಟೈಲ್ಸ್ ಹಾಕಿಸಿದ್ದಾರೆ. ಆಗಿನ ಆಯಾ ಇನ್ನೂ ಅಲ್ಲೇ ಇದ್ದರು, ಗುರುತು ಹಿಡಿದರು.

"ಮಿಸ್ಸಾ? ತೀರಿಹೋಗ್ಬಿಟ್ರಲ್ಲಣ್ಣ. ರಿಟೈರಾಗಿ ಎರಡು ವರ್ಷಾನೂ ಆಗಿರ್ಲಿಲ್ಲ."

ಗೇಟಿನ ಹೊರಗೆ ನಿಂತೇ ಮಗಳಿಗೆ ಫೋನ್ ಮಾಡಿದೆ. ಅವಳು ಈಗ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ವಿಷಯ ಹೇಳಿದೆ.

"ಹೋಗ್ಬರೋಣಪ್ಪ ಅವರ ಮನೆಗೆ. ಎಲ್ಲಿ?"

"ಮಲ್ಲತ್ತಹಳ್ಳಿ ಕೆರೆ ಕಡೆ ಅಂತಾರೆ ಆಯಾ. ಯಾವ ರಸ್ತೆ ಅಂತ ಅವರಿಗೂ ಗೊತ್ತಿಲ್ಲ."

"ಮನೇಲಿ ಯಾರ್ಯಾರಿದ್ರು?"

ನಮ್ಮೆಲ್ಲರ ಮನೆಯ ರೊಟ್ಟಿ, ಕರೆಂಟು, ಬೈಗುಳ, ನಾನು ನಿದ್ದೆಗೆಟ್ಟದ್ದು ಎಲ್ಲ ಅವರಿಗೆ ಗೊತ್ತಿತ್ತು. ಅಷ್ಟು ವರ್ಷ ದಿನಾ ಬೆಳಿಗ್ಗೆ ಅವರು ಯಾವ ಮನೆಯಿಂದ ಎದ್ದು ಬರುತ್ತಿದ್ದರು, ಅಲ್ಲಿ ನಿನ್ನೆ ಸಂಜೆ ಏನಾಗಿತ್ತು... ನಾವು ಯಾರೂ ಒಂದು ದಿನವೂ ಕೇಳಲಿಲ್ಲ. ಈಗ ಹೋಗಿ ನಿಲ್ಲೋಣವೆಂದರೆ ಒಂದು ಬಾಗಿಲೂ ಗೊತ್ತಿಲ್ಲ.