ನಾಲ್ಕೂವರೆಯ ನಂತರ ಕೆಟ್ಟ ನಕ್ಷೆಗಳು

ಯಲಹಂಕದ ಹಳೇ ಊರಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ, ನನ್ನದೂ ನಮ್ಮಕ್ಕನ ಗಂಡನದೂ ಸೇರಿ ಮನೆ ನಕ್ಷೆ ಬರೆಯುವ ಆಫೀಸೊಂದಿತ್ತು. ಕೆಳಗೆ ಗಿರಣಿ ಶುರುವಾದರೆ ಮೇಲೆ ಕಂಪ್ಯೂಟರಿನ ಪರದೆಯೂ ಸಣ್ಣಗೆ ನಡುಗುತ್ತಿತ್ತು. ಭಾವ ಟ್ರೇಸಿಂಗ್ ಪೇಪರಿನ ಕಾಲದವರು. ಹೊಸ ಹಾಳೆ ಹಾಸಿದ ಕೂಡಲೇ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಶ್ರೀಕಾರ, ಅದರ ಎರಡು ಬದಿಗೂ ಎರಡೆರಡು ಗೀಟು. ಗೋಡೆ, ಬಾಗಿಲುಗಳೆಲ್ಲ ಆಮೇಲೆ. ರಾಹುಕಾಲದಲ್ಲಿ ಅವರು ಪೆನ್ಸಿಲು ಚೂಪು ಮಾಡುತ್ತಿದ್ದರೇ ಹೊರತು ಗೀಟು ಎಳೆಯುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಬರೆಯುವ ಕೆಲಸ ನನಗೆ, ತಪ್ಪು ಹುಡುಕುವ ಅಧಿಕಾರ ಅವರಿಗೆ ಎಂದು ಒಪ್ಪಂದವಾಗಿತ್ತು.

ಆ ವರ್ಷ ಆಷಾಢಕ್ಕೆ ಮುಂಚಿನ ವಾರ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹೊಸ ಅವತಾರ ಎತ್ತುವ ಮನಸ್ಸು ಮಾಡಿತು. ಸೋಮವಾರ ಸಂಜೆ ನನ್ನ ಅಪ್ಪಣೆ ಕೇಳುವ ಶಾಸ್ತ್ರ ಮುಗಿಸಿ, ಉತ್ತರಕ್ಕೆ ಕಾಯದೆ ಅಪ್‌ಡೇಟಿಗೆ ಇಳಿಯಿತು. ಮಂಗಳವಾರವೆಲ್ಲ ನಾನು ಹೆಬ್ಬಾಳದ ಸೈಟಿನಲ್ಲಿದ್ದೆ. ಬುಧವಾರ ಬೆಳಗ್ಗೆ ಬಂದು, ನನ್ನ ಅಭ್ಯಾಸದಂತೆ ನಕ್ಷೆ ಬರೆಯುವ ಸಾಫ್ಟ್‌ವೇರಿನ ಒಳಗಿನಿಂದಲೇ ರಾಜಾನುಕುಂಟೆಯ ಮನೆಯ ನಕ್ಷೆ ತೆರೆದರೆ, ಫೈಲ್ ಹಾಳಾಗಿದೆ ಎಂಬ ಒಂದೇ ಸಾಲಿನ ಮರಣವಾರ್ತೆ.

ಆ ಮನೆ ಕಟ್ಟಿಸುತ್ತಿದ್ದವರು ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಡಂ. ಶುಕ್ರವಾರ ಬೆಳಗ್ಗೆ ಗುದ್ದಲಿ ಪೂಜೆ. ಪೂಜೆ ಮುಗಿದ ಕೂಡಲೇ ನಕ್ಷೆ ನೋಡಿ ಮೇಸ್ತ್ರಿ ಸುಣ್ಣದಲ್ಲಿ ಗುರುತು ಹಾಕಬೇಕು. ಅದು ತಪ್ಪಿದರೆ ಆಷಾಢ. ತಿಂಗಳಿಡೀ ಯಾರೂ ಹಾರೆ ಮುಟ್ಟುವುದಿಲ್ಲ. ಪೆನ್‌ಡ್ರೈವಿನಲ್ಲಿ ಹಳೇ ನಕ್ಷೆ ಇತ್ತು. ಆದರೆ ಅದರಲ್ಲಿ ಅಡುಗೆಮನೆ ಮೇಡಂಗೆ ಬೇಕಾದಲ್ಲಿತ್ತು. ಕೆಟ್ಟ ಫೈಲಿನಲ್ಲಿ ಅದು ಊರಿನಲ್ಲಿದ್ದ ಅವರ ತಾಯಿಗೂ ಒಪ್ಪಿಗೆಯಾಗುವಷ್ಟು ಜರುಗಿತ್ತು. ಗೋಡೆಗಳನ್ನು ಮತ್ತೆ ಬರೆಯಬಹುದಿತ್ತು. ತಾಯಿ ಮಗಳ ಆ ರಾಜಿಯನ್ನು ಇಂಚಿಂಚಾಗಿ ಇನ್ನೊಮ್ಮೆ ಮಾಡಿಸುವ ಶಕ್ತಿ ನನಗಿರಲಿಲ್ಲ.

ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದೆ. "ಆಫ್ ಮಾಡಿ ಆನ್ ಮಾಡಿ ಗುರು" ಅಂದ. ಮಾಡಿದೆ. "ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ" ಅಂದ. ಹಾಕಿದೆ. "ಹಂಗಾದ್ರೆ ಅಪ್‌ಡೇಟ್ ಪ್ರಾಬ್ಲಮ್ಮೇ ಬಿಡಿ" ಎಂದು ತೀರ್ಪು ಕೊಟ್ಟು ಫೋನಿಟ್ಟ.

ಭಾವ ನನ್ನ ಬೆನ್ನ ಹಿಂದೆ ನಿಂತಿದ್ದರು. "ನಮ್ಮ ಟ್ರೇಸಿಂಗ್ ಪೇಪರು ಯಾವತ್ತಾದ್ರೂ ಇಂಗೆ ಕೈ ಕೊಟ್ಟಿತ್ತೇನಯ್ಯಾ?"

"ಇಲಿ ತಿಂದಿತ್ತಲ್ಲ ಭಾವ."

"ಅದು ಇಲಿ ತಪ್ಪು ಕಣಯ್ಯಾ. ಪೇಪರ್‌ದಲ್ಲ."

ಹೊತ್ತು ಹೋದಂತೆ ನನ್ನ ಗಾಬರಿ ಕಡಿಮೆಯಾಗಿ ಕುತೂಹಲ ಹತ್ತಿಕೊಂಡಿತು. ಕಾರಣ, ಎಲ್ಲ ಫೈಲುಗಳೂ ಕೆಟ್ಟಿರಲಿಲ್ಲ. ಬಾಗಲಗುಂಟೆಯ ಎರಡಂತಸ್ತಿನ ಮನೆ ಸರಾಗವಾಗಿ ತೆರೆಯಿತು. ಅದರ ಪಕ್ಕದ ಸೈಟಿನ ಮನೆ ತೆರೆಯಲಿಲ್ಲ. ದೊಡ್ಡ ಫೈಲುಗಳು ಕೆಟ್ಟಿರಬಹುದೇ? ಒಂದು ದನದ ಕೊಟ್ಟಿಗೆಯ ನಕ್ಷೆಯೂ ಕೆಟ್ಟಿತ್ತು. ಪೂರ್ವದ ಬಾಗಿಲಿನ ಮನೆಗಳು ಬದುಕಿ, ದಕ್ಷಿಣದವು ಸತ್ತಿರಬಹುದೇ ಎಂದೂ ಪರೀಕ್ಷಿಸಿದೆ. ಇದನ್ನು ಭಾವನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ನಂಬಿಬಿಡುತ್ತಿದ್ದರು.

ಕೊನೆಗೆ ಫೈಲುಗಳನ್ನು ಕೊನೆಯ ಸಲ ಬದಲಾದ ಸಮಯದ ಪ್ರಕಾರ ಜೋಡಿಸಿದೆ. ಸತ್ತವರೆಲ್ಲ ಒಂದೇ ಕಡೆ ಗುಂಪುಗೂಡಿದರು. ಎಲ್ಲರೂ ಮಂಗಳವಾರ ಸಂಜೆ, ನಾಲ್ಕೂವರೆ ದಾಟಿದ ಮೇಲೆ, ಒಬ್ಬರ ಹಿಂದೊಬ್ಬರು ಬದಲಾಗಿದ್ದರು. ಅಪ್‌ಡೇಟ್ ಮುಗಿದದ್ದು ಹಿಂದಿನ ರಾತ್ರಿ. ಮಂಗಳವಾರದ ರಾಹುಕಾಲ ಮೂರರಿಂದ ನಾಲ್ಕೂವರೆ. ನನಗೆ ತಿಳಿದ ಮಟ್ಟಿಗೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ರಾಹುಕಾಲ ಕಳೆಯಲಿ ಎಂದು ಕಾಯುವುದಿಲ್ಲ.

ಕುರ್ಚಿ ತಿರುಗಿಸಿದೆ. "ಭಾವ, ನಿನ್ನೆ ಸಾಯಂಕಾಲ ಕಂಪ್ಯೂಟರ್ ಮುಟ್ಟಿದ್ರಾ?"

"ಮುಟ್ಟಿದ್ದೆ. ರಾಜಾನುಕುಂಟೆ ಮೆಟ್ಟಲಿನ ಅಳತೆ ನೋಡೋಣ ಅಂತ ಫೈಲ್ ಒತ್ತಿದೆ. ಯಾವುದ್ರಲ್ಲಿ ತೆಗೀಲಿ ಅಂತ ಅದೇ ಕೇಳ್ತು. ಪುಸ್ತಕದ ಚಿತ್ರ ಇತ್ತಲ್ಲ, ಅದನ್ನ ಒತ್ತಿದೆ."

ನೋಟ್‌ಪ್ಯಾಡ್! ಬರೀ ಅಕ್ಷರ ಟೈಪ್ ಮಾಡುವ ಜಾಗ. ಯಾವ ಫೈಲನ್ನು ಯಾವುದರಲ್ಲಿ ತೆರೆಯಬೇಕು ಎಂಬುದನ್ನು ಅಪ್‌ಡೇಟ್ ಮರೆತಿತ್ತು. ಅದರ ಪಾಪ ಅಷ್ಟೇ.

"ಆಮೇಲೆ?"

"ಒಳಗೆ ನಕ್ಷೆ ಎಲ್ಲಿತ್ತು? ಬರೀ ನಂಬರು. ಹೊಸದಾಗಿದೆಯಲ್ಲ, ಅದರ ವೇಷವೇ ಇಂಗೇನೋ ಅಂದ್ಕೊಂಡೆ. ತಲೆ ಮೇಲೆ ಶ್ರೀಕಾರ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಹಾಕಿ, ಸೇವ್ ಮಾಡಿದೆ. ನಡೀತಿರೋ ಕೆಲಸಕ್ಕೆಲ್ಲ ಹಾಕಿದ್ದೀನಿ."

ನಾನೂ ನೋಟ್‌ಪ್ಯಾಡಿನಲ್ಲಿ ತೆರೆದೆ. ಮೊದಲ ಸಾಲಿನಲ್ಲಿ ಶ್ರೀ, ಎರಡು ಬದಿಗೂ ಎರಡೆರಡು ಗೀಟು, ಕೈಬರಹದಲ್ಲಿದ್ದಷ್ಟೇ ಅಚ್ಚುಕಟ್ಟು. ನಮ್ಮ ಸಾಫ್ಟ್‌ವೇರು ಮೊದಲ ಸಾಲಿನಲ್ಲಿ ತನ್ನದೇ ಗುರುತು ಹುಡುಕಿ, ಅದು ಕಾಣದೆ ಇದು ನಮ್ಮ ಮನೆತನದ ಫೈಲೇ ಅಲ್ಲ ಎಂದು ಕೈ ತೊಳೆದುಕೊಂಡಿತ್ತು. ಆ ಸಾಲು ತೆಗೆದರೆ ಮುಗಿಯಿತು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ.

"ಏಯ್, ತೆಗಿ ಕೈ! ನಾಡಿದ್ದು ಪೂಜೆ, ಇವತ್ತು ಶ್ರೀ ಅಳಿಸ್ತೀಯಾ?"

"ಅಳಿಸದಿದ್ರೆ ಪೂಜೆಗೆ ನಕ್ಷೆನೇ ಇರಲ್ಲ ಭಾವ."

"ಬೇರೆ ದಾರಿ ನೋಡು. ಕೈಯಾರೆ ಶ್ರೀ ಅಳಿಸಿದ ಮನೆಯಲ್ಲಿ ಅವರು ಹೆಂಗಯ್ಯಾ ಬಾಳ್ಬೇಕು?"

ಆ ಮುಖ ನೋಡಿ ನನಗೂ ನಗಲಾಗಲಿಲ್ಲ, ಬೆರಳೂ ಮುಂದಾಗಲಿಲ್ಲ. ಇಷ್ಟರಲ್ಲಿ ಮೆಟ್ಟಿಲು ಹತ್ತಿ ಸ್ವತಃ ಮೇಡಂ ಬಂದರು. "ಸರ್, ನಕ್ಷಾ ಕೊಡ್ರಿ. ನಮ್ಮವ್ವ ಇವತ್ತ ರಾತ್ರಿ ಬಸ್ಸಿಗೆ ಹೊಂಟಾಳ. ಬಂದಕೂಡ್ಲೆ ಮೊದ್ಲ ಅಡಗಿಮನಿ ತೋರ್ಸು ಅಂತಾಳ."

ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ, ನಡೆದದ್ದನ್ನು ಹೇಳಿದೆ. ಭಾವ ಗೋಡೆಯ ಕ್ಯಾಲೆಂಡರನ್ನು ತೀವ್ರವಾಗಿ ಓದತೊಡಗಿದರು. ಮೇಡಂ ಪರದೆಗೆ ಬಗ್ಗಿ ನೋಡಿ, "ಅಳಸೂದು ಯಾಕ್ರೀ? ಸರಸ್ರಿ. ನಮ್ಮ ಅಡಗಿಮನಿ ಸರಸಲಿಲ್ಲೇನ್ರೀ, ಹಂಗ!" ಅಂದರು.

ಭಾವ ಕ್ಯಾಲೆಂಡರಿನಿಂದ ತಿರುಗಿದರು. ಇದು ಶಾಸ್ತ್ರಕ್ಕೆ ಒಪ್ಪುವ ಮಾತು. ಅವರೇ ಕುರ್ಚಿಯಲ್ಲಿ ಕೂತು, ನಾನು ಹೇಳಿಕೊಟ್ಟಂತೆ ಆ ಸಾಲನ್ನು ಕತ್ತರಿಸಿ ತೆಗೆದು ಸೇವ್ ಮಾಡಿದರು. ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದೆ. ಗೋಡೆ, ಬಾಗಿಲು, ಮೆಟ್ಟಿಲು, ರಾಜಿಯಾದ ಅಡುಗೆಮನೆ ಎಲ್ಲ ಇದ್ದಲ್ಲೇ ಇದ್ದವು. ನೆತ್ತಿಯ ಖಾಲಿ ಜಾಗದಲ್ಲಿ ಭಾವ ಶ್ರೀಕಾರವನ್ನು ಅಂಟಿಸಿ ಉಸಿರು ಬಿಟ್ಟರು.

ಶುಕ್ರವಾರ ಪೂಜೆಯಲ್ಲಿ ಮೇಡಂ ತಾಯಿ ನಕ್ಷೆ ಬಿಡಿಸಿ ಅಡುಗೆಮನೆಯ ಮೇಲೆ ಬೆರಳಿಟ್ಟು, ಆಗಲಿ ಎಂದು ತಲೆಯಾಡಿಸಿದರು. ಪುರೋಹಿತರು ಅದೇ ಹಾಳೆಗೆ ಧಾರಾಳವಾಗಿ ಅರಿಶಿನ ಕುಂಕುಮ ಹಾಕಿ ಮೇಲೆ ನೀರು ಪ್ರೋಕ್ಷಿಸಿದರು. ಸುಣ್ಣದ ಬಾಂಡ್ಲಿ ಹಿಡಿದು ಬಂದ ಮೇಸ್ತ್ರಿ ಹಾಳೆಯನ್ನು ಬಿಸಿಲಿಗೆ ಹಿಡಿದ. "ಸಾಮಿ, ಮೆಟ್ಲು ಅಳತೆ ಮೇಲೆ ಕುಂಕುಮ ಐತೆ. ಒರೆಸ್ಲಾ?"

"ಮುಟ್ಟಬೇಡ!" ಅಂದರು ಭಾವ. ಇನ್ನೊಂದು ಪ್ರಿಂಟ್ ತರಲು ನಾನು ಆಗಲೇ ಸ್ಕೂಟರಿನತ್ತ ನಡೆದಿದ್ದೆ.