ಬೆಲ್ಲ ಬಾರದ ಜಾಗ

ಮೊನ್ನೆ ಪಾಯಸಕ್ಕೆಂದು ಬೆಲ್ಲ ಕುಟ್ಟುವಾಗ ಆ ವಾಸನೆಗೆ ದಲ್ಲಾಳಿ ಮಾವ ನೆನಪಾದರು. ನಮಗೆ ರಕ್ತಸಂಬಂಧವೇನಲ್ಲ, ಊರಿಗೆಲ್ಲ ಮಾವ.

ಅರವತ್ತರ ದಶಕದ ಕೊನೆ. ಅಪ್ಪಯ್ಯ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು. ಅವರಂಥವರಿಗೆ ಊರಲ್ಲೊಂದು ಜಾಗ ಕೊಳ್ಳುವ ಆಸೆ, ಆದರೆ ಊರಿಗೆ ಬರುತ್ತಿದ್ದುದೇ ಅಪರೂಪ. ಹಾಗಾಗಿ ಮಾವ ಜಾಗಗಳನ್ನು ಮೊದಲೇ ತಮ್ಮ ಹೆಸರಿಗೆ ಕರಾರು ಮಾಡಿಸಿಕೊಂಡು, ಆ ಕರಾರನ್ನೇ ಅವರಿಗೆ ದಾಟಿಸುತ್ತಿದ್ದರು. ದರ ಸ್ವಲ್ಪ ಹೆಚ್ಚಾದರೂ ಕೊಳ್ಳುವವರಿಗೆ ಅಡ್ಡಿಯಿಲ್ಲ, ಆಮೇಲೆ ತಂಟೆ ಬರಬಾರದು. ಆ ನಂಬಿಕೆಗೆ ಮಾವನನ್ನು ಬಿಟ್ಟರೆ ಬೇರೆ ಜನವಿರಲಿಲ್ಲ.

ಅವರ ಪರೀಕ್ಷೆಯೋ ವಿಚಿತ್ರ. ಜಾಗವನ್ನು ಗೇಣಿಗೆ ಉಳುವ ಒಕ್ಕಲಿನವರ ಜಗಲಿಯಲ್ಲಿ ಹೋಗಿ ಕೂರುವುದು. ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಬೆಲ್ಲ ಬಂದರೆ ಹೊಸ ಒಡೆಯನನ್ನು ಅವರು ಒಪ್ಪಿದರೆಂದು ಮಾವನ ಲೆಕ್ಕ.

ವಂಡ್ಸೆ ಹತ್ತಿರದ ಒಂದು ಜಾಗಕ್ಕೆ ಅಪ್ಪಯ್ಯ ಮನಸೋತಿದ್ದರು. ಹೋಟೆಲು ಮುಚ್ಚಿ, ಅಲ್ಲಿ ಮನೆ ಕಟ್ಟಿ, ಅಮ್ಮನ ಜೊತೆ ಇದ್ದುಬಿಡುವ ಆಸೆ. ನೋಡಲು ನಾನೂ ಹೋಗಿದ್ದೆ. ಒಕ್ಕಲು ಮನೆಯ ಮುದುಕಿ ಚೊಂಬಿನಲ್ಲಿ ನೀರು ತಂದಿಟ್ಟು ಒಳಗೆ ಹೋದಳು. ಬರೀ ನೀರು... ಮಾವ ಕಾದರು. ಆಮೇಲೆ ಎದ್ದರು.

"ಇದ್ ನಿಮ್ಗೆ ಬ್ಯಾಡ. ಬನ್ನಿ, ಹೋಪ."

"ಎಂತಕೆ? ಬೆಲ್ಲ ಮುಗ್ದಿಕ್ಕ್ ಮಾರಾಯ್ರೆ," ಎಂದರು ಅಪ್ಪಯ್ಯ.

ಮಾವ ಜಗಲಿ ಇಳಿದು ನಡೆದೇಬಿಟ್ಟರು. ಆ ಜಾಗಕ್ಕೆ ಮಾಡಿಸಿದ್ದ ಕರಾರನ್ನೇ ಬಿಟ್ಟುಕೊಟ್ಟರು. ಹೆಚ್ಚು ಕೊಡುವವರು ಸಿಕ್ಕಿರಬೇಕೆಂದು ಅಪ್ಪಯ್ಯ ಮುನಿಸಿಕೊಂಡು ಬೊಂಬಾಯಿಗೆ ಹೋದರು. ಆಮೇಲೆ ಜಾಗದ ಮಾತನ್ನೇ ಎತ್ತಲಿಲ್ಲ.

ಕೆಲವು ವರ್ಷಕ್ಕೆ ಭೂಮಸೂದೆ ಬಂದು ಉಳುವವರೇ ಒಡೆಯರಾದರು, ಆ ಜಾಗ ಮುದುಕಿಯ ಮಕ್ಕಳಿಗಾಯಿತು. ಕೊಂಡಿದ್ದರೂ ಕೈತಪ್ಪುತ್ತಿತ್ತು. ಹಾಗಾದರೆ ಮಾವ ನಮ್ಮನ್ನು ಉಳಿಸಿದರೇ? ಅಥವಾ ಒಂದು ಚೂರು ಬೆಲ್ಲಕ್ಕಾಗಿ ಅಪ್ಪಯ್ಯನನ್ನು ಊರಿಗೆ ಎರವಾಗಿಸಿದರೇ? ನನಗೆ ಇವತ್ತಿಗೂ ಬಗೆಹರಿಯುವುದಿಲ್ಲ.

ಅಪ್ಪಯ್ಯ ಬೊಂಬಾಯಿಯಲ್ಲೇ ತೀರಿಕೊಂಡರು. ಅಸ್ಥಿಯನ್ನು ಕೋಡಿಯ ಕಡಲಲ್ಲಿ ಬಿಟ್ಟ ದಿನ ಮಾವ ಬಂದು ದೂರ ನಿಂತಿದ್ದರು. ಹೊರಡುವಾಗ ನನ್ನ ಹತ್ತಿರ ಬಂದು, "ಅವತ್ತ್ ಆ ಮನೆಯಲ್ಲ್ ಬೆಲ್ಲ ಇದ್ದಿತ್ತಾ ಇಲ್ಯಾ ಅಂದೇಳಿ ನಾನ್ ಕೇಣ್ಲೇ ಇಲ್ಲ ಮಗಾ," ಎಂದರು.

ಈಗ ಮಾವನೂ ಇಲ್ಲ. ಅವರನ್ನು ನೆನೆದು ಅಳಬೇಕೋ, ಬೈಯಬೇಕೋ ತಿಳಿಯುವುದಿಲ್ಲ. ಅಪ್ಪಯ್ಯ ಮಾತ್ರ ಊರಿಗೆ ಬಂದದ್ದು ಮಡಕೆಯಲ್ಲಿ.