ಅವ್ವ ತುಂಬದ ಉಡಿ

ಸ್ವಂತ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ನೀವು ಯಾರಾದರೂ ಕಲ್ಲು ಹಾರಿಸಿ ಹಿಡಿಯುವ ಆಣಿಕಲ್ಲು ಆಡಿದ್ದೀರೇನು? ನಾನು ಆಡಿದ್ದೇನೆ. ಗೆದ್ದೂ ಇದ್ದೇನೆ. ಕೂಸು ಅತ್ತರೆ ಗೆಳತಿಯರು, "ಏ, ನಿನ್ನ ಮಗಳು ಅಳಾಕತ್ಯಾಳ ನೋಡ. ಹಾಲ್ ಕುಡಿಸಿ ಬಾ ಹೋಗ್" ಅನ್ನುವರು. ಕುಡಿಸಿ ಬಂದು ಮತ್ತೆ ಕಲ್ಲು ಹಿಡಿಯುತ್ತಿದ್ದೆ.

ಆಗ ನನಗೆ ಹದಿನಾಲ್ಕು ತುಂಬಿರಲಿಲ್ಲ. ಆ ಕಾಲದಲ್ಲಿ ನಮ್ಮ ಜೇವರ್ಗಿ ಕಡೆ, ಹಡೆಯಲು ತವರಿಗೆ ಬಂದ ಮಗಳನ್ನು ತಿರುಗಿ ಕಳಿಸುವಾಗ ತಾಯಿಯೇ ಉಡಿ ತುಂಬಬೇಕು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು. ಬರಿ ಉಡಿಯಲ್ಲಿ ಹೊಸ್ತಿಲು ದಾಟಿದರೆ ಕೂಸಿಗೆ ಕೇಡು ಅನ್ನುವರು.

ಹೆರಿಗೆಯಲ್ಲಿ ನಾನು ಉಳಿದದ್ದೇ ಹೆಚ್ಚು. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಅಜವಾನದ ಹೊಗೆ, ರಕ್ತದ ವಾಸನೆ. ಇವತ್ತಿಗೂ ಯಾರಾದರೂ ಅಜವಾನ ಹುರಿದರೆ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಸೂಲಗಿತ್ತಿ ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು: "ಲಗೂ ಮತ್ತ ಬಸರಾದ್ರ ಹುಡುಗಿ ಉಳ್ಯಂಗಿಲ್ಲ ಯವ್ವ."

ಸೀತನಿ ಸುಡುವ ಚಳಿಗಾಲ. ಊರೆಲ್ಲ ಎಳೆ ಜೋಳದ ಘಮ. ಅಫಜಲಪುರ ಕಡೆಯಿಂದ ನನ್ನತ್ತೆ ಗಾಡಿ ಕಟ್ಟಿಸಿಕೊಂಡು ಬಂದೇ ಬಿಟ್ಟಳು. ನಾನು ಕೂಸನ್ನು ಅವುಚಿಕೊಂಡು ಜೋಳದ ಚೀಲಗಳ ಹಿಂದೆ ಅಡಗಿದೆ.

"ಸೊಸಿನ ಕಳಸ್ರಿ ಬೀಗತಿ. ಹತ್ತಿ ಬಿಡಸಾಕ ಕೈ ಸಾಲವಲ್ವು," ಅಂದಳು ಅತ್ತೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ, "ಏಳ, ಉಡಿ ತುಂಬು" ಅಂದ.

"ಕೊಬ್ರಿ ಇಲ್ಲ."

"ತರ್ತೀನಿ."

"ಅಕ್ಕೀನೂ ಇಲ್ಲ."

"ಅದ್ನೂ ತರ್ತೀನಿ, ಏಳ!"

"ತರ್ರಿ. ಕೈ ನನ್ನವು ಅವ. ನಾ ತುಂಬಂಗಿಲ್ಲ."

ಬೀಗರೆದುರಿಗೇ ಅಪ್ಪನ ಪೆಟ್ಟು ಬಿತ್ತು. ಅವ್ವ ತಲೆ ಎತ್ತಲಿಲ್ಲ, ರೊಟ್ಟಿ ಬಡಿಯುವುದನ್ನೂ ಬಿಡಲಿಲ್ಲ. ಕೊನೆಗೆ ಅತ್ತೆಯೇ ಎದ್ದಳು. "ಬರಿ ಉಡ್ಯಾಗ ಕರ್ಕೊಂಡ್ ಹೋಗಿ, ಕೂಸಿಗಿ ಏನರ ಆದ್ರ ನನ್ ತಲಿ ಮ್ಯಾಲ ಬರ್ತದ," ಅಂದು ಖಾಲಿ ಗಾಡಿ ತಿರುಗಿಸಿದಳು.

ಮರುವರ್ಷದ ಸೀತನಿ ಬರುವವರೆಗೂ ಅವ್ವ ನನ್ನನ್ನು ಕಳಿಸಲಿಲ್ಲ. ಅಷ್ಟರಲ್ಲಿ ನಾನು ಮೈ ತುಂಬಿಕೊಂಡೆ. ಅದಕ್ಕೇ ಇವತ್ತು ಬದುಕಿದ್ದು, ಮೊಮ್ಮಗಳು ಕಲಿಸಿದ ಹಾಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುತ್ತಿದ್ದೇನೆ.

ಜೀವ ಉಳಿಯಿತು, ಹುಡುಗಿತನ ಉಳಿಯಲಿಲ್ಲ. ಮೊಮ್ಮಗಳಿಗೆ ಈಗ ಅದೇ ವಯಸ್ಸು. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂತಾಗ ಅವಳ ಸಣ್ಣ ಕುತ್ತಿಗೆ ನೋಡಿ ಹೆದರಿಕೆಯಾಗುತ್ತದೆ. ಇಷ್ಟೇ ಇದ್ದೆನಾ ನಾನು?

ಅವ್ವ ಹಾಸಿಗೆ ಹಿಡಿದಿದ್ದಾಗ ಒಮ್ಮೆ ಕೇಳಿಯೇ ಬಿಟ್ಟಿದ್ದೆ. "ಅವತ್ತ ಅಷ್ಟ್ ಗಟ್ಟಿ ಕುಂತಾಕಿ, ನನ್ ಮದವಿನೇ ಯಾಕ್ ನಿಲ್ಲಸಲಿಲ್ಲ ಬೇ?"

ಅವ್ವ ನನ್ನನ್ನೇ ದಿಟ್ಟಿಸಿ ನೋಡಿದಳು.

"ನನ್ ಮದವ್ಯಾಗ ನಾ ನಮ್ಮಪ್ಪನ ತೊಡಿ ಮ್ಯಾಲ ನಿದ್ದಿ ಹತ್ತಿ ಮಲ್ಕೊಂಡಿದ್ದೆ. ಒಲ್ಲೆ ಅನ್ನಾಕ ಬರ್ತದಂತ ನನಗರ ಯಾರ್ ಹೇಳಿದ್ರು, ಹುಚ್ಚಿ?"